ಹನ್ನೊಂದನೇ ಪ್ರಶ್ನೆಯಲ್ಲಿ ಯಾರೂ ಆಟ ಬಿಡುವುದಿಲ್ಲ

ಡೊಂಬಿವಲಿಯ ತಂಗಿಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಕಥೆ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಸಿಟ್ಟಿನಿಂದ. ಸಿಟ್ಟು ಬರಿಸದ ಕಥೆಗಳಿಗೆ ನಾನು ಎರಡು ಸಾಲು ಬರೆದು ಸುಮ್ಮನಾಗುತ್ತೇನೆ. ನಿಮಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಈ ಉತ್ತರ ಓದುವ ಬೇರೆಯವರಿಗಾಗಿ ಕಥೆ ಏನೆಂದು ಹೇಳಿಬಿಡುತ್ತೇನೆ. 2000ನೇ ಇಸವಿಯ ಮಳೆಗಾಲ, ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಚಾಳು, ಅಂದರೆ ಸಾಲುಮನೆಗಳ ವಠಾರ. ರಾತ್ರಿ 9 ಗಂಟೆಗೆ ‘ಕೌನ್ ಬನೇಗಾ ಕರೋಡ್‌ಪತಿ’ ಅನ್ನುವ ಹಿಂದಿ ಟಿವಿ ಕ್ವಿಜ್ ನೋಡಲು ಎಲ್ಲರೂ ಕುಲಕರ್ಣಿ ಮಾಸ್ತರರ ಮನೆಗೆ ಬರುತ್ತಾರೆ. ಫೋರ್ಟಿನ ಆಫೀಸ್ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಕುಂದಾಪುರದ ಶೀನ, ಪಕ್ಕದ ಮನೆಯ ಸರೋಜಕ್ಕ, ಒಂದಷ್ಟು ಮಕ್ಕಳು. ಸಾಂಗಲಿಯ ಬ್ಯಾಂಕ್ ಗುಮಾಸ್ತನೊಬ್ಬ ಹನ್ನೊಂದನೇ ಪ್ರಶ್ನೆಯಲ್ಲಿ ಉತ್ತರ ಹೇಳದೆ, ಅಲ್ಲಿವರೆಗೆ ಗೆದ್ದ ಹಣ ತೆಗೆದುಕೊಂಡು ಆಟ ಬಿಟ್ಟು ಎದ್ದು ಹೋಗುತ್ತಾನೆ. ಬಿಟ್ಟದ್ದು ಸರಿಯೋ ತಪ್ಪೋ ಅಂತ ಇಡೀ ಕೋಣೆ ಜಗಳಕ್ಕೆ ಬೀಳುತ್ತದೆ.

ಮಳೆ ಜೋರಾಗಿ ಮಾಡಿನ ತಗಡಿನ ಪತ್ರಾದ ಮೇಲೆ ಬಿದ್ದು ಟಿವಿಯ ಸದ್ದು ಕೇಳದೆ ಹೋದಾಗ ಎಲ್ಲರೂ ಆಟ ನಡೆಸುವ ಅಮಿತಾಭ್ ಬಚ್ಚನ್ ಅವರ ತುಟಿ ನೋಡುತ್ತಾ ಕೂರುವ ಭಾಗ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಈಗ ಮೂರನೇ ಪುಟಕ್ಕೆ ಬನ್ನಿ.

‘ಹನ್ನೊಂದನೆಯ ಪ್ರಶ್ನೆ. ಒಂದು ತಪ್ಪು ಉತ್ತರ ಕೊಟ್ಟರೆ ಗಳಿಸಿದ 3,20,000 ರೂಪಾಯಿ ಮಣ್ಣುಪಾಲು.’

ಇಲ್ಲ ತಂಗಿ, ಮಣ್ಣುಪಾಲು ಆಗುವುದಿಲ್ಲ. ಆಗಿನ ಆಟದಲ್ಲಿ 3,20,000 ಹತ್ತನೇ ಪ್ರಶ್ನೆಯ ಹಣ. ಅದು ಭದ್ರವಾದ ಮೆಟ್ಟಿಲು, ಹಿಂದಿಯಲ್ಲಿ ಪಡಾವ್ ಅನ್ನುತ್ತಾರಲ್ಲ, ಅದು. ಅಲ್ಲಿಗೆ ಮುಟ್ಟಿದವನು ಮುಂದೆ ಎಷ್ಟೇ ತಪ್ಪಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬ್ರಿಟನ್ನಿನಲ್ಲಿ 1998ರಲ್ಲಿ ಶುರುವಾದ ಮೂಲ ಆಟದಲ್ಲೂ ಹತ್ತನೇ ಪ್ರಶ್ನೆಯ 32,000 ಪೌಂಡ್ ಆಗ ಹೀಗೇ ಭದ್ರವಾಗಿತ್ತು. ಅಂದರೆ ಹನ್ನೊಂದನೇ ಪ್ರಶ್ನೆಗೆ ಸರಿ ಹೇಳಿದರೆ 6,40,000, ತಪ್ಪು ಹೇಳಿದರೆ 3,20,000, ಬಿಟ್ಟು ಹೋದರೂ ಅದೇ 3,20,000. ಕಣ್ಣು ಮುಚ್ಚಿ ಯಾವುದೋ ಒಂದು ಉತ್ತರ ಹೇಳಿದರೂ ನಷ್ಟವಿಲ್ಲ. ಇಡೀ ಆಟದಲ್ಲಿ ಹೆದರಬೇಕಾಗಿಲ್ಲದ ಜಾಗ ಇದು. ನೀವು ನಿಮ್ಮ ಗುಮಾಸ್ತನನ್ನು ಹೆದರಿಸಿದ್ದು ಸರಿಯಾಗಿ ಅಲ್ಲೇ.

ಮುಂದಿನ ಸಾಲು: ‘ಗಡಿಯಾರದ ಮುಳ್ಳು ಓಡುತ್ತಿತ್ತು.’ ಯಾವ ಗಡಿಯಾರ? 2000ದಲ್ಲಿ ಪ್ರಶ್ನೆಗೆ ಗಡಿಯಾರವೇ ಇರಲಿಲ್ಲ. ಸ್ನೇಹಿತನಿಗೆ ಫೋನ್ ಮಾಡಿದಾಗ ಮಾತ್ರ 30 ಸೆಕೆಂಡ್. ಪ್ರಶ್ನೆಗೆ ಗಡಿಯಾರ ಬಂದದ್ದು ಎಷ್ಟೋ ವರ್ಷದ ಮೇಲೆ. ಬಂದ ಮೇಲೂ ಹತ್ತನೇ ಪ್ರಶ್ನೆ ದಾಟಿದವರಿಗೆ ಅದರ ಕಾಟವಿಲ್ಲ. ಆಗಿನ ಆಟದ ಸಂಕಟವೇ ಬೇರೆ. ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಿತ್ತು. ಆ ಮೌನ ಚಾಳಿನ ಕೋಣೆಯಲ್ಲಿ ಎಷ್ಟು ಭಾರವಾಗಿತ್ತು ಅನ್ನುವುದನ್ನು ಬರೆಯಬಹುದಿತ್ತು ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಈ ಸಾಲಿಗೆ: ‘ಮಾಸ್ತರರು ಲೆಕ್ಕ ಬಿಡಿಸಿ ಹೇಳಿದಾಗ ಎಲ್ಲರೂ ತಲೆದೂಗಿದರು.’

ಮಾಸ್ತರರು ಮೂವತ್ತು ವರ್ಷ ಗಣಿತ ಕಲಿಸಿದವರು ಅಂತ ನೀವೇ ಮೊದಲ ಪುಟದಲ್ಲಿ ಬರೆದಿದ್ದೀರಿ. ಅವರ ಬಾಯಲ್ಲಿ ಈ ತಪ್ಪು ಲೆಕ್ಕ ಹೇಗೆ ಬಂತು? ಅವರಿಗೆ ತಿಳಿಯದಿದ್ದರೂ ಅಲ್ಲಿದ್ದ ಹತ್ತು ವರ್ಷದ ಹುಡುಗ ಎದ್ದು ನಿಂತು ಕೂಗುತ್ತಿದ್ದ. ಆ ವರ್ಷ ಈ ಮುಂಬಯಿಯಲ್ಲಿ ಆ ಆಟದ ನಿಯಮ ಬಾಯಿಪಾಠ ಇಲ್ಲದವರು ಯಾರಿದ್ದರು? ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಬೈಂಡಿಂಗ್ ಹುಡುಗರು ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಇದೇ ಮಾತು. ನಾಲ್ಕು ಉತ್ತರಗಳಲ್ಲಿ ಎರಡು ತಪ್ಪನ್ನು ತೆಗೆದುಬಿಡುವ ಫಿಫ್ಟಿ-ಫಿಫ್ಟಿ ಮೊದಲು ಬಳಸಬೇಕಾ, ಕೊನೆಗೆ ಇಟ್ಟುಕೊಳ್ಳಬೇಕಾ? ಸುಲಭದ ಪ್ರಶ್ನೆಗೆ ಸ್ಟುಡಿಯೋದಲ್ಲಿ ಕೂತ ಜನರ ಓಟು ನಂಬಬಹುದು, ಕಷ್ಟದ್ದಕ್ಕೆ ನಂಬಬಹುದಾ? ಫೋನ್ ಯಾರಿಗೆ ಮಾಡುತ್ತೀಯಾ? ಎಲ್ಲರೂ ತಮ್ಮ ತಮ್ಮ ರಾತ್ರಿಶಾಲೆಯ ಮಾಸ್ತರರ ಹೆಸರು ಹೇಳುತ್ತಿದ್ದರು. ಚಹಾ ತರುವ ಹುಡುಗ ಮಾತ್ರ ತುಂಬ ಹೊತ್ತು ಯೋಚಿಸಿ, ‘ನನ್ನ ಗುರ್ತಿನವರಲ್ಲಿ ಫೋನ್ ಇರುವುದು ಸೇಠ್ ಹತ್ತಿರ ಒಂದೇ’ ಅಂದ. ಅದೇ ವರ್ಷ ಮುಂಬಯಿಯ ಹರ್ಷವರ್ಧನ ನವಾಥೆ ಒಂದು ಕೋಟಿ ಗೆದ್ದಾಗ ಆ ಹುಡುಗರು ತಾವೇ ಗೆದ್ದವರ ಹಾಗೆ ಪ್ರೆಸ್ಸಿನಲ್ಲೆಲ್ಲ ಪೇಢೆ ಹಂಚಿದರು. ನಿಮ್ಮ ಕಥೆ ಅಂಥವರ ಕಥೆ. ಅವರಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಿಲ್ಲದಿದ್ದರೆ ಹೇಗೆ?

ನಾನು ಈ ಊರಿಗೆ ಬಂದಾಗ ನನಗೆ ಹದಿನೈದು ವರ್ಷ. ಹಗಲು ಹೋಟೆಲಿನ ಕೆಲಸ, ರಾತ್ರಿ ಫೋರ್ಟಿನಲ್ಲಿ ಕನ್ನಡ ಶಾಲೆ. ಆಮೇಲೆ ಒಂದು ಮಾಸಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಧೈರ್ಯ ಮಾಡಿ ಮೊದಲ ಕಥೆ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿದವನು ಮಾಟುಂಗಾದಲ್ಲಿ ಇಳಿದ.’ ಅವರು ಏನೂ ಹೇಳಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಮಾಟುಂಗಾ ಸ್ಟೇಷನ್ನಿಗೆ ಹೋದರು. ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದರು. ಒಂದು ಫಾಸ್ಟ್ ಹೋಯಿತು. ಇನ್ನೊಂದು ಹೋಯಿತು. ಮೂರನೆಯದೂ ನಿಲ್ಲದೆ ಧೂಳೆಬ್ಬಿಸಿಕೊಂಡು ಹೋದ ಮೇಲೆ, ‘ನಿನ್ನ ಹುಡುಗ ಇಳಿದದ್ದು ಎಲ್ಲಿ, ತೋರಿಸು’ ಅಂದರು. ನನಗೆ ಅಳು ಬಂತು. ಹೊರಗೆ ಹೋಟೆಲಿನಲ್ಲಿ ಕಾಫಿ ಕುಡಿಸಿ ಹೇಳಿದರು: ‘ಇದನ್ನು ಓದುವವನು ದಿನಾ ಆ ರೈಲಿನಲ್ಲಿ ನೇತಾಡಿಕೊಂಡು ಹೋಗುವವನು ಮಾರಾಯಾ. ಅವನಿಗೆ ನೀನು ಸುಳ್ಳು ಹೇಳಿದೆ.’ ಆ ಕಥೆಯನ್ನು ಆರು ಸಲ ತಿದ್ದಿಸಿದರು. ಏಳನೇ ಸಲ ಅಚ್ಚಾಯಿತು.

ನಿಮ್ಮ ಗುಮಾಸ್ತನನ್ನು ಹನ್ನೆರಡನೇ ಪ್ರಶ್ನೆಗೆ ತಂದು ನಿಲ್ಲಿಸಿ. ಈಗ ಅವನ ಕೈಯಲ್ಲಿ 6,40,000 ಇದೆ. ಸರಿ ಹೇಳಿದರೆ 12,50,000. ತಪ್ಪಿದರೆ 3,20,000ಕ್ಕೆ ಬೀಳುತ್ತಾನೆ. ಬರುವುದು 6,10,000, ಹೋಗುವುದು 3,20,000. ಈಗ ನೋಡಿ ಜಗಳ ಹೇಗೆ ಕಟ್ಟಿಕೊಳ್ಳುತ್ತದೆ. ಫಿಫ್ಟಿ-ಫಿಫ್ಟಿ ಬಳಸಿ ಎರಡೇ ಉತ್ತರ ಉಳಿದಿದ್ದರೆ ಮಾಸ್ತರರು ‘ಆಡಬೇಕು’ ಅನ್ನುತ್ತಾರೆ, ಲೆಕ್ಕ ಅವರ ಕಡೆಗಿದೆ. ನಾಲ್ಕೂ ಉಳಿದು ಏನೂ ಗೊತ್ತಿಲ್ಲದಿದ್ದರೆ ಅದೇ ಮಾಸ್ತರರು ‘ಬಿಡಬೇಕು’ ಅನ್ನಬೇಕಾಗುತ್ತದೆ. ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್ ಮಾಡುವ ಶೀನನಿಗೆ ಮಾತ್ರ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಕೈಯಲ್ಲಿದ್ದ 3,20,000 ಹೋಯಿತು ಅಂದರೆ ಅವನ ಪಾಲಿಗೆ ಒಂದು ಮನೆಯೇ ಹೋದ ಹಾಗೆ. ಇಬ್ಬರೂ ಸರಿ. ಆದ್ದರಿಂದ ಯಾರೂ ತಲೆದೂಗುವುದು ಬೇಡ.

ಇನ್ನೊಂದೇ ಮಾತು. ನಿಮ್ಮ ಶೀನ ಹೀಗೆ ಹೇಳುತ್ತಾನೆ: ‘ಸ್ಪರ್ಧಿಯು ಅಪಾಯವನ್ನು ಅರಿತು ನಿರ್ಗಮಿಸಿದ್ದು ಸಮಂಜಸವಾಗಿದೆ.’ ಹನ್ನೆರಡು ಗಂಟೆ ಒಲೆಯ ಮುಂದೆ ನಿಂತು, ಲೋಕಲಿನಲ್ಲಿ ತಳ್ಳಿಸಿಕೊಂಡು ಬಂದ ಮನುಷ್ಯ ಅವನು. ‘ಅಂವ ಬಿಟ್ಟದ್ದೇ ಲಾಯ್ಕ್ ಆಯ್ತ್ ಮಾರಾಯ’ ಅಂದಿರುತ್ತಾನೆ. ಅದಕ್ಕೆ ಧಾರವಾಡದ ಮಾಸ್ತರರು ಕೊಡುವ ಉತ್ತರವೂ ಅವರದೇ ಮಾತಿನಲ್ಲಿ ಬರಲಿ. ನಿಮ್ಮ ಚಾಳಿನಲ್ಲಿ ಕುಂದಾಪುರ, ಧಾರವಾಡ, ಅರ್ಧ ಮರಾಠಿ ಕಲಿತ ಮಕ್ಕಳು ಎಲ್ಲ ಇದ್ದಾರೆ. ಎಲ್ಲರ ಬಾಯಲ್ಲೂ ಒಂದೇ ಕನ್ನಡ ಹಾಕಿದರೆ ಜಗಳ ಮಾಡುವವರು ಯಾರು ಅಂತಲೇ ಗೊತ್ತಾಗುವುದಿಲ್ಲ. ನಿಮ್ಮ ತಂದೆಯವರು ಅಂಥ ಚಾಳಿನಲ್ಲೇ ಬೆಳೆದವರು ಅಂತ ಪತ್ರದಲ್ಲಿ ಬರೆದಿದ್ದೀರಿ. ಅವರನ್ನು ಕೂರಿಸಿಕೊಂಡು ಈ ಜಗಳ ಓದಿ ಹೇಳಿ. ಅವರು ಎಲ್ಲಿ ತಡೆದು ತಿದ್ದುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಹಸ್ತಪ್ರತಿ ಈ ಲಕೋಟೆಯಲ್ಲೇ ಇದೆ. ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ, ಅಳಿಸಬಹುದು. ಗಣಪತಿ ಹಬ್ಬದ ಮೊದಲು ತಿದ್ದಿ ಕಳಿಸಿದರೆ ದೀಪಾವಳಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.