ಆರ್‌ಡಿ ನಂಬರ್ ಇಲ್ಲದ ಊರಿನಿಂದ

ಅಕ್ಕನ ಮಗಳ ಓದಿನ ಬಗ್ಗೆ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ನಕ್ಕು ಸುಮ್ಮನಾದೆ. "ಅಲ್ಲ ಕಣೋ, ನೀವು ಕೇರಳದವರು. ಅಲ್ಲೇ ಓದಿಸೋದು ಬಿಟ್ಟು ಇಲ್ಲಿ ಬಂದು ಸೀಟೂ ಬೇಕು, ಸ್ಕಾಲರ್‌ಶಿಪ್ಪೂ ಬೇಕು ಅಂದ್ರೆ ಹೇಗೆ? ಅದೂ ನಾಟಕ ಕಲಿಯೋಕೆ?" ಅಂದಿದ್ದೆಯಲ್ಲ. ಆಮೇಲೆ ಸಮಾಧಾನಕ್ಕೆ ಅಂತ "ಆದ್ರೂ ನಿನ್ನ ಕನ್ನಡ ಚೆನ್ನಾಗಿದೆ ಬಿಡು" ಅಂತ ಬೇರೆ ಸೇರಿಸಿದೆ. ಇಷ್ಟು ವರ್ಷದ ಗೆಳೆತನ ಅಂತ ಬಿಟ್ಟಿದ್ದೇನೆ ಮಾರಾಯ. ಆದರೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಹಾಗಾಗಿ ಇದು.

ನಾಟಕದ ಮಾತು ಮೊದಲು ಮುಗಿಸಿಬಿಡುತ್ತೇನೆ. ನಮ್ಮದು ಕಾಸರಗೋಡಿನ ಕುಂಬಳೆ ಕಡೆ. ಯಕ್ಷಗಾನದ ಪ್ರಸಂಗ ಬರೆದ ಪಾರ್ತಿಸುಬ್ಬ ಇದ್ದ ಊರು. ನಮ್ಮಲ್ಲಿ ಯಕ್ಷಗಾನಕ್ಕೆ 'ಆಟ' ಅಂತಲೇ ಹೆಸರು. ಅಕ್ಕನ ಮಗಳು ಐದನೇ ಕ್ಲಾಸಿನಿಂದ ಆಟದಲ್ಲಿದ್ದಾಳೆ ಅಂದರೆ ನೀವು ಖೋಖೋ ಅಂದುಕೊಳ್ಳುತ್ತೀರಿ, ಅಲ್ವಾ? ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಕನ್ನಡದ ಗಂಧವೇ ಇಲ್ಲದ ಜಿಲ್ಲೆಯ ಮಕ್ಕಳೂ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿ ರಂಗಕ್ಕೆ ಬರುತ್ತಾರೆ. ಅವರಿಗೆ ಕಲಿಸಲು ಹೋಗುವವರು ನಮ್ಮ ಕಡೆಯ ಗುರುಗಳು. ಅಂದರೆ ಕೇರಳದ ಮಕ್ಕಳ ಬಾಯಲ್ಲಿ 'ಎಲವೋ ಧೂರ್ತ' ಅಂತ ಹೇಳಿಸುವುದು ನಾವು. ನಮ್ಮ ಕನ್ನಡ ಚೆನ್ನಾಗಿಯೇ ಇರುತ್ತದೆ ಕಣೋ.

ಕೇರಳದಲ್ಲಿ ಕಾಲೇಜು ಇಲ್ಲವಾ ಅಂದರೆ ಇದೆ. ತ್ರಿಶೂರಿನಲ್ಲಿ ಒಳ್ಳೆಯ ಸ್ಕೂಲ್ ಆಫ್ ಡ್ರಾಮಾ ಇದೆ, ಚೆರುತುರುತ್ತಿಯಲ್ಲಿ ಕಥಕಳಿ ಕಲಿಸುವ ಕಲಾಮಂಡಲಂ ಇದೆ. ಅದರ ಬಗ್ಗೆ ನನಗೆ ಗೌರವವೇ. ಆದರೆ ಎಂಜಿನಿಯರಿಂಗನ್ನು ಯಾವ ಭಾಷೆಯಲ್ಲಿ ಓದಿದರೂ ಕಟ್ಟಿದ ಸೇತುವೆ ನಿಲ್ಲುತ್ತದೆ. ನಾಟಕ ಹಾಗಲ್ಲ. ಹುಡುಗಿಗೆ ಸಿಟ್ಟು ಬರುವುದು ತುಳುವಿನಲ್ಲಿ, ಅರ್ಥ, ಅಂದರೆ ಆಟದ ಮಾತು, ಹೇಳಲು ಬರುವುದು ಕನ್ನಡದಲ್ಲಿ. ಬಸ್ಸಿನ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವಷ್ಟು ಮಲಯಾಳ ಬರುತ್ತದೆ. ಅಷ್ಟರಲ್ಲಿ ನಾಯಕಿ ಆಗಲಿಕ್ಕಾಗುವುದಿಲ್ಲ. ಮಂಗಳೂರು ನಮಗೆ ಬಸ್ಸಿನ ದಾರಿ, ತಿರುವನಂತಪುರ ಒಂದು ರಾತ್ರಿಯ ರೈಲು. ಅವಳು ಘಟ್ಟದ ಮೇಲಿನ ಒಂದು ಕಾಲೇಜಿಗೆ ಆಡಿಷನ್ ಕೊಟ್ಟಳು. ಕಾಲೇಜಿನ ಹೆಸರು ಬೇಡ, ಇನ್ನೂ ಎರಡು ವರ್ಷ ಅಲ್ಲಿ ಓದಬೇಕು. ಸೀಟು ಸಿಕ್ಕಿತು. ಆಡಿಷನ್ನಿನಲ್ಲಿ ಯಾರೂ 'ನೀನು ಯಾವ ರಾಜ್ಯ' ಅಂತ ಕೇಳಲಿಲ್ಲ. ಅದನ್ನು ಕೇಳಲು ಬೇರೆ ಕೌಂಟರ್ ಇತ್ತು.

ಫೀಸು ಅಂಥಾ ದೊಡ್ಡದೇನಲ್ಲ. ಭಾರ ಆಗುವುದು ಹಾಸ್ಟೆಲ್ಲು, ಊಟ. ಬೇರೆ ಡಿಗ್ರಿಯಾದರೆ ಸಂಜೆ ಎಲ್ಲಾದರೂ ಕೆಲಸ ಮಾಡಬಹುದು. ಇಲ್ಲಿ ಸಂಜೆಯೇ ರಿಹರ್ಸಲ್ ಶುರು, ಮುಗಿಯುವಾಗ ರಾತ್ರಿ ಹತ್ತು. ಬಾವನದ್ದು ಅಡಿಕೆ ಮರ ಹತ್ತುವ ಕೆಲಸ, ಮಳೆಗಾಲದಲ್ಲಿ ಅದೂ ಅಷ್ಟಕ್ಕಷ್ಟೆ. ಹಾಗಾಗಿ ಸಹಾಯಕ್ಕೆ ಅರ್ಜಿ ಹಾಕೋಣ ಅಂತಾಯಿತು. ಮನೆಯಲ್ಲಿ ಕಾಗದಪತ್ರ ಗೊತ್ತಿರುವವನು ನಾನೊಬ್ಬ. ಮಾವ ಅಂತ ಇದ್ದ ಮೇಲೆ ಇಷ್ಟಾದರೂ ಮಾಡಬೇಕಲ್ಲ.

ಈಗ ಕೇಳು. ಕೌಂಟರಿನಲ್ಲಿ ಮೊದಲ ಪ್ರಶ್ನೆ: "ಬಿಪಿಎಲ್ಲಾ, ಎಪಿಎಲ್ಲಾ?"

"ಪಿಂಕ್," ಅಂದೆ.

"ಪಿಂಕ್ ಅಂದ್ರೆ?"

ಕೇರಳದಲ್ಲಿ ರೇಷನ್ ಕಾರ್ಡಿಗೆ ನಾಲ್ಕು ಬಣ್ಣ. ಹಳದಿ, ಪಿಂಕ್, ನೀಲಿ, ಬಿಳಿ. ಹಳದಿ ತೀರಾ ಬಡವರಿಗೆ, ಪಿಂಕ್ ಅದರ ಮೇಲಿನವರಿಗೆ, ಬಿಳಿ ನನ್ನಂಥವರಿಗೆ. ಇದನ್ನೆಲ್ಲ ಸರತಿಯಲ್ಲಿ ನಿಂತು ವಿವರಿಸಿದೆ. ಹಿಂದಿದ್ದವರಿಗೂ ಅರ್ಥವಾಯಿತು. ಗುಮಾಸ್ತರಿಗೆ ಆಗಲಿಲ್ಲ. ಕಾರ್ಡನ್ನು ತಿರುಗಿಸಿ ನೋಡಿದರು. ಮಲಯಾಳ. ಮತ್ತೆ ತಿರುಗಿಸಿದರು. ಆ ಕಡೆಯೂ ಮಲಯಾಳವೇ.

ಅಷ್ಟೇ ಆಗಿದ್ದರೆ ಒಂದು ತಮಾಷೆ ಅಂತ ಮರೆತುಬಿಡುತ್ತಿದ್ದೆ. ನಿಜವಾದ ಗಂಟು ಆರ್‌ಡಿ ನಂಬರ್. ನಿನಗೆ ಅದು ಗೊತ್ತಿರಲೂ ಇಲ್ಲ, ಯಾಕೆಂದರೆ ನಿನ್ನ ಹತ್ತಿರ ಇದೆ. ನಿಮ್ಮಲ್ಲಿ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿದರೆ ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಉದ್ದದ ನಂಬರ್ ಇರುತ್ತದೆ. ಸ್ಕಾಲರ್‌ಶಿಪ್ಪಿನ ಆನ್‌ಲೈನ್ ಅರ್ಜಿಯಲ್ಲಿ ಅದನ್ನು ಹೊಡೆಯಬೇಕು. ಹೊಡೆದರೆ ಮುಂದಿನ ಪುಟ. ಇಲ್ಲದಿದ್ದರೆ ಅಲ್ಲೇ ಕೂತಿರು.

ನಮಗೆ ನಾಡಕಚೇರಿ ಇಲ್ಲ. ವಿಲ್ಲೇಜ್ ಆಫೀಸ್ ಇದೆ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ, ರೇಷನ್ ಕಾರ್ಡು, ಜಾಗದ ತೀರ್ವೆ ರಶೀದಿ ಎಲ್ಲ ಕೊಟ್ಟು, ಬಾವನ ಆದಾಯ ಪ್ರಮಾಣಪತ್ರ ತಂದೆವು. ಅದರ ಮೇಲೂ ನಂಬರ್ ಇದೆ. ಆದರೆ ಅದು ಕೇರಳದ ನಂಬರ್. ಪೋರ್ಟಲ್ಲಿಗೆ ಹಾಕಿದರೆ 'ಸರಿಯಾದ ಸಂಖ್ಯೆ ನಮೂದಿಸಿ' ಅನ್ನುತ್ತದೆ. ಸರಿಯಾದ ಸಂಖ್ಯೆಯೇ ಅದು! ಕಾಲೇಜಿನಲ್ಲಿ ಹೇಳಿದರೆ, "ಸರ್, ಇದರಲ್ಲಿ ವಿಲ್ಲೇಜ್ ಆಫೀಸರ್ ಸಹಿ ಇದೆ, ತಹಶೀಲ್ದಾರ್ ಸಹಿ ಬೇಕು" ಅಂದರು. ತಾಲೂಕು ಆಫೀಸಿಗೆ ಎರಡು ಸಲ ಹೋಗಿ ಅದನ್ನೂ ಮಾಡಿಸಿದೆವು. ಸಹಿ ಬಂತು, ಸೀಲು ಬಂತು. ಆರ್‌ಡಿ ಬರಲಿಲ್ಲ.

ಇದಕ್ಕಿಂತ ಚಂದದ್ದು ಇನ್ನೊಂದಿದೆ. ಸೀಟು ಕೊಡುವಾಗ ಅವಳನ್ನು ಗಡಿನಾಡ ಕನ್ನಡತಿ ಅಂತ ಲೆಕ್ಕಕ್ಕೆ ತೆಗೆದುಕೊಂಡರು. ಅದಕ್ಕೆ ಸಾಕ್ಷಿ ಬೇಕಲ್ಲ. ಏನು ಸಾಕ್ಷಿ? ನೇಟಿವಿಟಿ ಸರ್ಟಿಫಿಕೇಟ್, 'ಈಕೆ ಕೇರಳದ ನಿವಾಸಿ' ಅಂತ. ಕೊಟ್ಟೆವು. ಫೈಲು ಅಲ್ಲಿಂದ ಸ್ಕಾಲರ್‌ಶಿಪ್ಪಿನ ಮೇಜಿಗೆ ಹೋಯಿತು. ಅಲ್ಲಿ ಅದೇ ಕಾಗದ ನೋಡಿ, "ಇವರು ಕೇರಳದ ನಿವಾಸಿ, ನಮ್ಮಲ್ಲಿ ಬರಲ್ಲ" ಅಂದರು. ಎರಡೂ ಮೇಜಿನ ನಡುವೆ ಆರು ಅಡಿ ಇರಬಹುದು. ಹುಡುಗಿ ಒಂದು ಮೇಜಿನಲ್ಲಿ ಕನ್ನಡತಿ, ಇನ್ನೊಂದರಲ್ಲಿ ಪರದೇಶಿ.

ನನಗೂ ಹಟ ಬಂತು. ಮನೆಯ ಪೆಟ್ಟಿಗೆಯಿಂದ ಅಜ್ಜನ ಕಾಲದ ಜಾಗದ ದಸ್ತಾವೇಜು ತೆಗೆದುಕೊಂಡು ಹೋದೆ. 1952ರದ್ದು. ಮೊದಲಿಂದ ಕೊನೆವರೆಗೆ ಕನ್ನಡ, ಮುತ್ತಿನಂಥ ಅಕ್ಷರ. 'ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು' ಅಂತ ಸ್ಪಷ್ಟವಾಗಿ ಇದೆ. 1956ರ ನವೆಂಬರ್ 1ಕ್ಕೆ ನೀವು ಪಟಾಕಿ ಹೊಡೆದಿರಿ, ಅವತ್ತೇ ನಮ್ಮ ತಾಲೂಕನ್ನು ಕೇರಳಕ್ಕೆ ಬರೆದರು. 1967ರಲ್ಲಿ ಗಡಿ ತಕರಾರಿಗೆ ಅಂತ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಣ ಭಾಗ ನಿಮಗೆ ಸೇರಬೇಕು ಅಂತ ವರದಿ ಕೊಟ್ಟಿತು, ಕೇರಳ ಒಪ್ಪಲಿಲ್ಲ. ಇರಲಿ, ಅದನ್ನು ಎತ್ತಿದರೆ ಇದು ನವೆಂಬರಿನ ಭಾಷಣ ಆಗುತ್ತದೆ. ದಸ್ತಾವೇಜು ನೋಡಿ ಕಾಲೇಜಿನ ಮೇಷ್ಟ್ರೊಬ್ಬರು ಬಹಳ ಖುಷಿಪಟ್ಟರು. ಫೋಟೋ ತೆಗೆದುಕೊಂಡರು. "ಎಂಥಾ ಕನ್ನಡ ಸರ್!" ಅಂದರು. ಕಾಫಿ ಕುಡಿಸಿದರು. ಅಷ್ಟೆ.

ಅರ್ಜಿಯಲ್ಲಿ 'ಮಾತೃಭಾಷೆ' ಅಂತ ಒಂದು ಜಾಗ ಇತ್ತು. ಹುಡುಗಿ ಪ್ರಾಮಾಣಿಕಳು, 'ತುಳು' ಅಂತ ಬರೆದಳು. ನಾನು ಹೌಹಾರಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಇದು ನಮಗೆ ಉಸಿರಾಡಿದ ಹಾಗೆ. ಪಕ್ಕದ ಮನೆಯಲ್ಲಿ ಹವ್ಯಕ ಭಾಷೆ, ಅದರಾಚೆ ಮರಾಠಿ. ಎಲ್ಲರೂ ಕನ್ನಡ ಶಾಲೆಯವರೇ, ಎಲ್ಲರೂ ಕನ್ನಡಿಗರೇ. ಇದನ್ನು ಒಂದು ಇಂಚಿನ ಖಾನೆಯಲ್ಲಿ ಹೇಗೆ ಬರೆಯುವುದು ಹೇಳು. ಸದ್ಯ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಇನ್ನೊಂದು ಗೊತ್ತಾ? ನಮ್ಮ ಕಡೆಯ ಮಕ್ಕಳು ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಅಂತ ಸೀಟು ಕೇಳಿದರೆ ಬೇರೆಯಾಗಿ ಒಂದು ಕನ್ನಡ ಪರೀಕ್ಷೆ ಬರೆಯಬೇಕು. ನಿನ್ನ ಮಗನಿಗೆ ಅದಿಲ್ಲ. ಒಳ್ಳೆಯದೇ ಆಯಿತು ಬಿಡು, ಕಳೆದ ಸಲ ಬಂದಾಗ ಅವನು ಬಸ್ಸಿನ ಬೋರ್ಡು ಓದಲು ಪಟ್ಟ ಪಾಡು ನೋಡಿದ್ದೇನೆ.

ಇನ್ನು ನೀನು ಹೇಳಿದ 'ಕೇರಳದಲ್ಲೇ ಕೇಳಬಹುದಲ್ಲ'. ಕೇಳಿದೆವು. ನಾವು ತೆರೆದ ಅರ್ಜಿಯಲ್ಲಿ ಕಾಲೇಜನ್ನು ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ಅವಳ ಕಾಲೇಜೇ ಇಲ್ಲ. ವಿಚಾರಿಸಿದ ಆಫೀಸಿನಲ್ಲಿ ಒಬ್ಬರು ಮೇಡಂ ಪ್ರೀತಿಯಿಂದಲೇ ಹೇಳಿದರು, "ನಿಮ್ಮ ಮಕ್ಕಳೆಲ್ಲ ಕರ್ನಾಟಕಕ್ಕೆ ಯಾಕೆ ಹೋಗುತ್ತಾರೆ? ಅಲ್ಲಿಗೆ ಹೋಗುವುದಾದರೆ ಅಲ್ಲೇ ಕೇಳಿ." ನಿನ್ನ ಪ್ರಶ್ನೆಯೇ, ಮಲಯಾಳದಲ್ಲಿ. ನೀವಿಬ್ಬರೂ ಒಮ್ಮೆ ಮಾತಾಡಿಕೊಂಡರೆ ನನ್ನ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ಆಫೀಸುಗಳಲ್ಲಿ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗೆ ಕಾನೂನಿನಲ್ಲಿದೆ. ನಾನು ಹಟಕ್ಕೆ ಕನ್ನಡದಲ್ಲೇ ಕೊಡುತ್ತೇನೆ. ಓದುವವರು ಆ ದಿನ ರಜೆಯಲ್ಲಿರುತ್ತಾರೆ.

ರಾಜ್ಯದ ಗೊಡವೆ ಇಲ್ಲದ ದಾರಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ, ಎನ್‌ಎಸ್‌ಡಿಗೆ ಸೇರಿದರೆ ತಿಂಗಳು ತಿಂಗಳು ಅವರೇ ಹಣ ಕೊಡುತ್ತಾರೆ, ಆದರೆ ಇಡೀ ದೇಶಕ್ಕೆ ಬೆರಳೆಣಿಕೆಯ ಸೀಟು. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ. 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದಕ್ಕೆ ಕನಿಷ್ಠ ಐದು ವರ್ಷ ಗುರುವಿನ ಹತ್ತಿರ ಕಲಿತಿರಬೇಕು, ಗುರುವಿನ ಪತ್ರ ಬೇಕು. ಅವಳ ಗುರುಗಳ ಹತ್ತಿರ ಲೆಟರ್‌ಹೆಡ್ ಎಲ್ಲಿಂದ ಬರಬೇಕು? ಚೆಂಡೆ ಇದೆ, ಮದ್ದಳೆ ಇದೆ, ನೂರಾರು ಶಿಷ್ಯರಿದ್ದಾರೆ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿ 'ಈ ಮಗು ನನ್ನಲ್ಲಿ ಎಂಟು ವರ್ಷ ಹೆಜ್ಜೆ ಮತ್ತು ಅರ್ಥ ಕಲಿತಿದೆ, ಇನ್ನೂ ಕಲಿಯಲಿಕ್ಕಿದೆ' ಅಂತ ಬರೆದುಕೊಟ್ಟರು. ಆ ಕೊನೆಯ ಮಾತು ತೆಗೆಸೋಣ ಅಂತ ನಾನು ಅಂದೆ. ಅವಳು ಬೇಡ ಅಂದಳು. ಹಾಗೆಯೇ ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.

ಮೊದಲ ವರ್ಷ ಹೇಗೋ ದಾಟಿತು. ಕಾಲೇಜಿನವರೇ ಫೀಸನ್ನು ಮೂರು ಕಂತು ಮಾಡಿದರು, ಮೆಸ್ಸಿನ ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟರು. ಅದಕ್ಕೆ ಅವಳು ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಬರೆದಿದ್ದಳು. ಅದರಲ್ಲಿ ಬಡತನದ ಮಾತು ಎರಡೇ ಸಾಲು. ಉಳಿದದ್ದೆಲ್ಲ, ಯಾವ ತಿಂಗಳು ಎಷ್ಟು ಕೊಡಬಲ್ಲೆ ಅನ್ನುವ ಲೆಕ್ಕ. ಅಡಿಕೆ ಕೊಯ್ಲಿನ ತಿಂಗಳು ಜಾಸ್ತಿ, ಜೂನ್ ಜುಲೈ ಸೊನ್ನೆ. ನನ್ನ ಅಷ್ಟೂ ಪ್ರಮಾಣಪತ್ರಗಳಿಗಿಂತ ಆ ಒಂದು ಪುಟಕ್ಕೇ ಬೆಲೆ ಬಂತು.

ಈಗ ಎರಡನೇ ವರ್ಷ. ಹೊಸ ಆದಾಯ ಪ್ರಮಾಣಪತ್ರ ಬೇಕಂತೆ. ನಾಳೆ ಬೆಳಗ್ಗೆ ಮತ್ತೆ ಅಕ್ಷಯಕ್ಕೆ ಹೋಗಬೇಕು. ಅಲ್ಲಿಯ ಹುಡುಗ ನನ್ನನ್ನು ಕಂಡರೆ "ಏನು ಮಾಷೇ, ಆರ್‌ಡಿ ಸಿಕ್ಕಿತಾ?" ಅಂತ ಕೇಳುತ್ತಾನೆ. ನಿನ್ನಿಂದ ಒಂದು ಉಪಕಾರ ಆಗಬೇಕು. ನಿಮ್ಮ ನಾಡಕಚೇರಿಯ ಕಡೆ ಹೋದಾಗ, ಆರ್‌ಡಿ ಅಂದರೆ ಏನು ಅಂತ ಕೇಳಿಕೊಂಡು ಬಾ. ಕಾಲೇಜಿನಲ್ಲಿ ಮೂರು ಜನರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ, ಎಲ್ಲರ ಹತ್ತಿರವೂ ಇದೆ.