ಮೇಷ್ಟ್ರ ಮೇಲೆ ದೂರು ಕೊಟ್ರೆ ಮಗಳ ಇಂಟರ್ನಲ್ ಮಾರ್ಕ್ಸಿಗೆ ಕತ್ತರಿ ಬೀಳುತ್ತಾ?

ಪ್ರಶ್ನೆ: ಮೇಡಂ, ನಮ್ದು ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ನಾನು ಮನೇಲೇ ಬಟ್ಟೆ ಹೊಲೀತೀನಿ, ಯಜಮಾನ್ರು ಗೂಡ್ಸ್ ಆಟೋ ಓಡಿಸ್ತಾರೆ. ಮಗಳು ಇಲ್ಲೇ ಒಂದು ಅನುದಾನಿತ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮ್ಯಾಥ್ಸ್ ಎಫ್ಎ (ವರ್ಷದ ಮಧ್ಯೆ ಸ್ಕೂಲಲ್ಲೇ ಮಾಡೋ ಮೌಲ್ಯಮಾಪನ) ಟೆಸ್ಟಲ್ಲಿ ಕಮ್ಮಿ ಬಂತು ಅಂತ ಮೇಷ್ಟ್ರು ಪೇಪರ್ ಕೊಡುವಾಗ ಇಡೀ ಕ್ಲಾಸ್ ಮುಂದೆ ಅವಳ ಮಾರ್ಕ್ಸ್ ಓದಿ "ನಿಮ್ಮಮ್ಮನ ಜೊತೆ ಕಾಜಾ ಗುಂಡಿ ಹಾಕ್ಕೊಂಡಿರು ಹೋಗು, ನಿಂಗ್ಯಾಕೆ ಲೆಕ್ಕ" ಅಂದ್ರಂತೆ. ಅವತ್ತಿಂದ ದಿನಾ ಬೆಳಗ್ಗೆ ಹೊಟ್ಟೆನೋವು ಅಂತಾಳೆ. ಈ ಕಡೆ ಪೋಷಕರ ವಾಟ್ಸಾಪ್ ಗ್ರೂಪಲ್ಲಿ ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಅರ್ಜಿ ರೆಡಿ ಮಾಡಿದಾರೆ, ಮೇಷ್ಟ್ರು ಪಾಠ ಮಾಡಲ್ಲ, ಮನೇಲಿ ಟ್ಯೂಷನ್ ಮಾಡ್ತಾರೆ, ಟ್ಯೂಷನ್‌ಗೆ ಬಂದೋರಿಗೇ ಮಾರ್ಕ್ಸ್ ಅಂತೆಲ್ಲ ಬರೆದು ನನ್ನೂ ಸೈನ್ ಹಾಕು ಅಂತಿದಾರೆ. ಯಜಮಾನ್ರು "ನಾನೇ ಹೋಗಿ ಕೇಳ್ತೀನಿ" ಅಂತ ಎಗರಾಡ್ತಿದಾರೆ. ಮಗಳು ನೋಡಿದ್ರೆ "ನೀವು ಸ್ಕೂಲ್ ಹತ್ರ ಬಂದ್ರೆ ನಾನು ನಾಳೆಯಿಂದ ಹೋಗಲ್ಲ" ಅಂತ ಅಳ್ತಾಳೆ. ಇಂಟರ್ನಲ್ 20 ಮಾರ್ಕ್ಸ್ ಆ ಮೇಷ್ಟ್ರ ಕೈಲೇ ಇದೆ. ಏನ್ ಮಾಡ್ಲಿ?

ಉತ್ತರ: ನೋಡಮ್ಮ, ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಇದ್ದೋಳು, ಕೊನೇ ಒಂಬತ್ತು ವರ್ಷ ಎಚ್ಚೆಮ್ (ಮುಖ್ಯೋಪಾಧ್ಯಾಯಿನಿ) ಆಗಿದ್ದೆ. ಅಂದ್ರೆ ನೀವು ಯಾವ ಟೇಬಲ್ ಮುಂದೆ ಹೋಗಿ ನಿಲ್ಲೋಕೆ ಹೆದರ್ತಿದೀರೋ ಆ ಟೇಬಲ್ಲಿನ ಈ ಕಡೆ ಕೂತಿದ್ದೋಳು. ಅದಕ್ಕೇ ನಾನು ಮೇಷ್ಟ್ರ ಪರ ಮಾತಾಡ್ತೀನೇನೋ ಅಂತ ಅನುಮಾನ ಬರಬಹುದು, ಬರ್ಲಿ ಬಿಡಿ, ಆದ್ರೆ ಆ ಕಾಜಾ ಗುಂಡಿ ಮಾತು ಓದಿದಾಗ ನಂಗೂ ಮೈಯೆಲ್ಲ ಉರೀತು. ಮಗೂಗೆ ಲೆಕ್ಕ ಬರಲ್ಲ ಅನ್ನೋದು ಬೇರೆ, ಅವಳ ಅಮ್ಮ ಮಾಡೋ ಕೆಲಸನ ಐವತ್ತು ಮಕ್ಕಳ ಮುಂದೆ ಬೈಗುಳ ಮಾಡೋದು ಬೇರೆ. ನಿಮ್ಮ ಕಾಗದ ಎರಡ್ಸಲ ಓದಿದೆ, ನೀವು ನಿಮ್ಗಾದ ಅವಮಾನದ ಬಗ್ಗೆ ಒಂದು ಸಾಲೂ ಬರೆದಿಲ್ಲ.

ನಿಮ್ಮ ಕಾಗದದಲ್ಲಿ ಮೂರು ದೂರು ಒಂದಕ್ಕೊಂದು ಸುತ್ಕೊಂಡಿವೆ, ದಾರದ ಉಂಡೆ ಗಂಟು ಬಿದ್ದಂಗೆ. ಮೊದಲ್ನೇದು ಮಗಳಿಗೆ ಆದ ಅವಮಾನ, ಇದು ನಿಮ್ದು, ದಿನ ಗೊತ್ತು, ಆಡಿದ ಮಾತು ಗೊತ್ತು, ಕೇಳಿಸ್ಕೊಂಡ ಮಕ್ಕಳಿದಾರೆ. ಎರಡ್ನೇದು ಪಾಠ ಸರಿಯಾಗಿ ಮಾಡಲ್ಲ ಅನ್ನೋದು. ಮೂರ್ನೇದು ಟ್ಯೂಷನ್ನು. ಈ ಎರಡ್ನೇದು ಮೂರ್ನೇದು ನೀವು ಕಣ್ಣಾರೆ ನೋಡಿದ್ದಾ ಅಥವಾ ಗ್ರೂಪಲ್ಲಿ ಓದಿದ್ದಾ? ಟ್ಯೂಷನ್ ವಿಷಯ ನಿಜವೇ ಆಗಿದ್ರೆ ಅದು ಸಣ್ಣ ತಪ್ಪಲ್ಲ, 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 28ನೇ ಸೆಕ್ಷನ್ನಲ್ಲಿ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಂಗಿಲ್ಲ ಅಂತ ನೇರವಾಗೇ ಇದೆ. ಆದ್ರೆ ಆ ದೂರನ್ನ ದುಡ್ಡು ಕೊಟ್ಟು ಮಗೂನ ಕಳಿಸಿದೋರು ಬಂದು ಹೇಳ್ಬೇಕು, ಅವರು ಯಾರೂ ಬರಲ್ಲ, ಯಾಕಂದ್ರೆ ಅವರ ಮಕ್ಕಳಿಗೆ ಅಲ್ಲಿ ಲೆಕ್ಕ ಅರ್ಥ ಆಗ್ತಿರುತ್ತೆ! ಕೊನೆಗೆ ಕಳಿಸದೇ ಇರೋ ನಿಮ್ಮಂಥೋರ ಸೈನ್ ಮಾತ್ರ ಆ ಹಾಳೆ ಮೇಲೆ ಉಳಿಯುತ್ತೆ.

ಗ್ರೂಪ್ ಅರ್ಜಿಗೆ ಸೈನ್ ಹಾಕ್ಬೇಡಿ ಅಂತಲೇ ನಾನು ಹೇಳೋದು. ಇಂಥ ಅರ್ಜಿಗಳು ನಮ್ಮ ಕಡೆ ಹೆಂಗೆ ಬರ್ತಿದ್ವು ಅಂತ ಹೇಳ್ತೀನಿ ಕೇಳಿ, ಮೂರು ಪುಟ ಇರುತ್ತೆ, ಮೇಷ್ಟ್ರು ಲೇಟಾಗಿ ಬರ್ತಾರೆ ಅನ್ನೋದ್ರಿಂದ ಶುರುವಾಗಿ ಅವರ ಮನೆ ವಿಚಾರದವರೆಗೂ ಹೋಗುತ್ತೆ, ಒಂದೇ ಒಂದು ತಾರೀಖು ಇರಲ್ಲ, ಕೆಳಗಡೆ ಇಪ್ಪತ್ತು ಸೈನ್, ಅದರಲ್ಲಿ ಎಂಟು ಒಂದೇ ಕೈಬರಹ. ಕೆಲವಂತೂ ಮೂಗರ್ಜಿ, ಹೆಸರೇ ಇರಲ್ಲ, "ನೊಂದ ಪೋಷಕರು" ಅಂತಷ್ಟೇ. ಅದು ಬಿಇಓ ಆಫೀಸಿಂದ "ಪರಿಶೀಲಿಸಿ ವರದಿ ನೀಡಿ" ಅಂತ ವಾಪಸ್ ಎಚ್ಚೆಮ್ ಟೇಬಲ್ಲಿಗೇ ಬರುತ್ತೆ, ಮೇಷ್ಟ್ರು ಹತ್ರ ಒಂದು ಸಮಜಾಯಿಷಿ ಬರೆಸ್ಕೊಂಡು ಕಳಿಸಿದ್ರೆ ಫೈಲ್ ಮುಗೀತು. ಇಪ್ಪತ್ತು ಜನರ ಸಿಟ್ಟು ಒಂದು ಹಾಳೇಲಿ ಮಾಯ ಆಗಿದ್ದು ನಾನೇ ನೋಡಿದೀನಿ. ಅದೇ ಒಂದ್ಸಲ ಒಬ್ಬ ಲಾರಿ ಡ್ರೈವರ್ ಅಪ್ಪ ಬಂದಿದ್ರು, ಜೋರು ಮಾತಿಲ್ಲ ಏನಿಲ್ಲ, ಮಗನ ಸೈನ್ಸ್ ನೋಟ್ಸ್ ಟೇಬಲ್ ಮೇಲಿಟ್ಟು "ಮೇಡಂ, ಜೂನಿಂದ ಇದಕ್ಕೆ ಒಂದು ಕೆಂಪು ಗೆರೆ ಬಿದ್ದಿಲ್ಲ, ನೀವೇ ನೋಡಿ" ಅಂದ್ರು. ಅಷ್ಟೇ. ನಾನು ಏನು ಸಮರ್ಥನೆ ಮಾಡ್ಲಿ? ಆ ವಾರದಲ್ಲೇ ಇಡೀ ಕ್ಲಾಸಿನ ನೋಟ್ಸ್ ಕರೆಕ್ಷನ್ ಆಯ್ತು.

ಇನ್ನು ಇಂಟರ್ನಲ್ ಭಯ. ಇದು ಪ್ರತಿ ಅಮ್ಮನಿಗೂ ಇರುತ್ತೆ, ಇದೇ ಭಯದ ಮೇಲೇ ಎಷ್ಟೋ ಮೇಷ್ಟ್ರುಗಳು ರಾಜರ ಥರ ಓಡಾಡ್ತಾರೆ, ಅದಕ್ಕೆ ಒಂಚೂರು ಲೆಕ್ಕ ಹಾಕಿ ನೋಡೋಣ. ಮ್ಯಾಥ್ಸಿಗೆ 100, ಅದರಲ್ಲಿ 80 ಬೋರ್ಡ್ ಪೇಪರು, ಅದನ್ನ ತಿದ್ದೋರು ಯಾವುದೋ ಕೇಂದ್ರದಲ್ಲಿ ಕೂತ ಯಾರೋ, ನಿಮ್ಮ ಮಗಳ ಹೆಸರೂ ಅವರಿಗೆ ಗೊತ್ತಿರಲ್ಲ, ಅಲ್ಲೂ ಸಮಾಧಾನ ಆಗ್ಲಿಲ್ಲ ಅಂದ್ರೆ ಉತ್ತರ ಪತ್ರಿಕೆ ಕಾಪಿ ತರಿಸ್ಕೊಂಡು ಮರುಮೌಲ್ಯಮಾಪನಕ್ಕೆ ಹಾಕಬಹುದು. ಉಳಿದ 20 ಇಂಟರ್ನಲ್. ಅದು ವರ್ಷದ ನಾಲ್ಕು ಎಫ್ಎಗಳಿಂದ ಬರೋದು, ಒಂದೊಂದು 50ಕ್ಕೆ, ನಾಲ್ಕೂ ಸೇರಿ 200, ಅದನ್ನ 20ಕ್ಕೆ ಇಳಿಸ್ತಾರೆ. ಅಂದ್ರೆ ಮೇಷ್ಟ್ರು ದ್ವೇಷಕ್ಕೆ ಬಿದ್ದು ಒಂದು ಎಫ್ಎಲಿ 10 ಮಾರ್ಕ್ಸ್ ಕಡಿದ್ರೂ ಕೊನೆಗೆ ಹೋಗೋದು ಒಂದೇ ಒಂದು ಮಾರ್ಕು. ಒಂದು ಮಾರ್ಕೂ ಮಾರ್ಕೇ, ಇಲ್ಲ ಅನ್ನಲ್ಲ, ಆದ್ರೆ ಮಗು ಹೆದರಿ ಸ್ಕೂಲು ತಪ್ಪಿಸಿದ್ರೆ ಹೋಗೋದು ಎಷ್ಟು ಅಂತ ನೀವೇ ಹಾಕಿ ನೋಡಿ. ಎಫ್ಎ ಟೆಸ್ಟ್ ಪೇಪರ್, ಪ್ರಾಜೆಕ್ಟ್ ಬುಕ್ಕು ಕೈಗೆ ಬಂದಾಗೆಲ್ಲ ಫೋಟೋ ತೆಗೆದಿಟ್ಕೊಳ್ಳಿ, ಯಾರಿಗೂ ಹೇಳೋ ಅಗತ್ಯ ಇಲ್ಲ. ದೂರು ಬರಹದಲ್ಲಿ ಕೊಟ್ಟಿದ್ರೆ ಮಾರ್ಕ್ಸ್ ಕಡಿಯೋ ಧೈರ್ಯ ಇನ್ನೂ ಕಮ್ಮಿ ಆಗುತ್ತೆ, ಯಾಕಂದ್ರೆ ಆಮೇಲೆ ಕಡಿದ್ರೆ ಯಾಕೆ ಅಂತ ಮೊದ್ಲು ಕೇಳೋದು ಎಚ್ಚೆಮ್ಮೇ. ಬಾಯಲ್ಲಿ ಗೊಣಗಿ ಸುಮ್ನಾದೋರ ಮಕ್ಕಳಿಗೇ ರಿಸ್ಕ್ ಜಾಸ್ತಿ.

ಮಗಳು ಬರಬೇಡಿ ಅಂತಾಳಲ್ಲ, ಅದನ್ನ ಹಠ ಅಂತ ತಳ್ಳಿ ಹಾಕ್ಬೇಡಿ. ಇಲ್ಲಿ ನನ್ನದೇ ಒಂದು ತಪ್ಪು ಹೇಳ್ಕೋಬೇಕು. ಎಚ್ಚೆಮ್ ಆದ ಎರಡ್ನೇ ವರ್ಷ, ಕೂಲಿಗೆ ಹೋಗೋ ಒಬ್ಬ ತಾಯಿ ಬಂದು ಒಬ್ಬ ಮೇಷ್ಟ್ರು ನನ್ನ ಮಗನ್ನ ಕೆಟ್ಟದಾಗಿ ಬೈತಾರೆ ಅಂದ್ರು. ನಾನು ದೊಡ್ಡ ನ್ಯಾಯಾಧೀಶೆ ಥರ ಅಲ್ಲೇ ಬೆಲ್ ಹೊಡೆದು ಮೇಷ್ಟ್ರನ್ನೂ ಹುಡುಗನ್ನೂ ಒಟ್ಟಿಗೆ ಕರೆಸಿ, ಮೇಷ್ಟ್ರು ಪಕ್ಕದಲ್ಲೇ ನಿಂತಿರುವಾಗ "ಹೇಳಪ್ಪ, ಹಂಗಂದ್ರಾ ನಿಂಗೆ?" ಅಂತ ಕೇಳ್ದೆ. ಹುಡುಗ ನೆಲ ನೋಡ್ಕೊಂಡು "ಇಲ್ಲ ಮಿಸ್" ಅಂದ. ನಾನು ತಾಯಿ ಕಡೆ ತಿರುಗಿ ನೋಡಿ, ಅವನೇ ಇಲ್ಲ ಅಂತಿದಾನಲ್ಲ ಅಂದೆ. ದಸರಾ ರಜ ಮುಗಿಸ್ಕೊಂಡು ಅವನು ವಾಪಸ್ ಬರ್ಲಿಲ್ಲ. ಟಿಸಿಗೆ ಬಂದಾಗ ಆ ತಾಯಿ ಜಗಳ ಆಡಿದ್ರೂ ನಂಗೆ ಸಮಾಧಾನ ಆಗ್ತಿತ್ತೇನೋ, ಅವರು ಸೈನ್ ಎಲ್ಲಿ ಹಾಕ್ಬೇಕು ಅಂತ ಮಾತ್ರ ಕೇಳಿದ್ರು.

ಆಮೇಲೆ ನಾನು ಕಲಿತಿದ್ದು ಏನಂದ್ರೆ ಪೋಷಕರನ್ನ ಬೇರೆ, ಮಗೂನ ಬೇರೆ, ಮೇಷ್ಟ್ರನ್ನ ಬೇರೆ ಕೂರಿಸಿ ಕೇಳ್ಬೇಕು, ಮಗೂನ ನಾನೇ ಕೇಳೋದಕ್ಕಿಂತ ಅವಳಿಗೆ ಇಷ್ಟ ಆಗೋ ಮಿಸ್ ಒಬ್ರ ಹತ್ರ ಕೇಳಿಸಬೇಕು, ಮತ್ತೆ ಎರಡು ದಿನ ಬಿಟ್ಟು ಆ ಕ್ಲಾಸಿನ ಹಿಂದಿನ ಬೆಂಚಲ್ಲಿ ಹೋಗಿ ಒಂದು ಪೀರಿಯಡ್ ಕೂತ್ಕೋಬೇಕು, ತರಗತಿ ವೀಕ್ಷಣೆ ಹೇಗೂ ಎಚ್ಚೆಮ್ ಕೆಲಸವೇ ಅಲ್ವಾ, ಅದರಲ್ಲಿ ಗೊತ್ತಾಗೋದು ಯಾವ ವಿಚಾರಣೇಲೂ ಗೊತ್ತಾಗಲ್ಲ. ನೀವು ಎಚ್ಚೆಮ್ ಹತ್ರ ಹೋದಾಗ ಇದನ್ನೇ ಕೇಳಿ, "ಸರ್, ಮಗಳನ್ನ ಮೇಷ್ಟ್ರ ಎದುರಿಗೆ ಕರೆಸಿ ಕೇಳ್ಬೇಡಿ" ಅಂತ. ಮಗಳಿಗೂ ಮನೇಲಿ ಮೊದ್ಲೇ ಹೇಳಿ, ನಿನ್ನ ಕ್ಲಾಸ್ ಹತ್ರ ಬರಲ್ಲ, ನಿನ್ನನ್ನ ಎದುರು ನಿಲ್ಸಲ್ಲ, ಆಫೀಸಿಗೆ ಮಾತ್ರ ಹೋಗಿ ಬರ್ತೀವಿ, ಏನು ಬರೀತೀವಿ ಅಂತ ನೀನೇ ಓದಿ ನೋಡು ಅಂತ. ಅವಳು ಓದದೇ ಆ ಕಾಗದ ಮನೆಯಿಂದ ಹೊರಗೆ ಹೋಗೋದು ಬೇಡ. ಹಂಗೇ ಅವಳನ್ನ ಸಿಟ್ಟಿಲ್ಲದೆ ಇನ್ನೊಂದೂ ಕೇಳಿ, ಮ್ಯಾಥ್ಸಲ್ಲಿ ಎಲ್ಲಿಂದ ಅರ್ಥ ಆಗೋದು ನಿಂತ್ಹೋಯ್ತು, ಸಮಾಂತರ ಶ್ರೇಢಿನಾ, ವರ್ಗ ಸಮೀಕರಣನಾ, ಥೇಲ್ಸ್ ಪ್ರಮೇಯನಾ. ಮೇಷ್ಟ್ರು ಬೈದಿದ್ದು ತಪ್ಪು, ಆದ್ರೆ ಟೆಸ್ಟಲ್ಲಿ ಕಮ್ಮಿ ಬಂದಿದ್ದೂ ನಿಜ ಅಲ್ವಾ, ಅದಕ್ಕೂ ಏನಾದ್ರೂ ಮಾಡ್ಬೇಕು.

ಎಚ್ಚೆಮ್ಮಿಗೆ ಕೊಡೋ ದೂರಿನ ಕಾಗದ ಅರ್ಧ ಪುಟ ಸಾಕು. ಇಂಥಾ ತಾರೀಖು, ಇಷ್ಟನೇ ಪೀರಿಯಡ್, ಪೇಪರ್ ಕೊಡುವಾಗ ಹೀಗಂದ್ರು ಅಂತ ಅವರ ಮಾತನ್ನ ಇದ್ದಂಗೇ ಬರೀರಿ, ಕಾಜಾ ಗುಂಡಿ ಅನ್ನೋದನ್ನೂ ಬಿಡ್ಬೇಡಿ, ನಾಚಿಕೆ ಪಡಬೇಕಾಗಿರೋದು ನೀವಲ್ಲ. ಅವತ್ತಿಂದ ಮಗಳು ಹೊಟ್ಟೆನೋವು ಅಂತಾಳೆ, ಎಷ್ಟು ದಿನ ರಜ ಹಾಕಿದ್ಲು ಅನ್ನೋದು ಬರೀರಿ. ಕೇಳೋದು ಎರಡೇ, ಮಾರ್ಕ್ಸನ್ನ ಕ್ಲಾಸ್ ಮುಂದೆ ಓದಿ ಹೀಯಾಳಿಸೋದು ನಿಲ್ಲಬೇಕು, ಮತ್ತೆ ಹಿಂದೆ ಬಿದ್ದಿರೋ ಪಾಠಗಳಿಗೆ ಪರಿಹಾರ ಬೋಧನೆ ಬೇಕು. ಸಸ್ಪೆಂಡ್ ಮಾಡಿ, ಟ್ರಾನ್ಸ್‌ಫರ್ ಮಾಡಿ ಅಂತೆಲ್ಲ ಬರೀಬೇಡಿ, ಅನುದಾನಿತ ಶಾಲೇಲಿ ಮೇಷ್ಟ್ರು ಖಾಲಿ ಆದ್ರೆ ಆ ಜಾಗ ತುಂಬೋದು ಯಾವ ಕಾಲಕ್ಕೋ, ಹತ್ತನೇ ಕ್ಲಾಸಿಗೆ ವರ್ಷದ ಮಧ್ಯೆ ಮ್ಯಾಥ್ಸ್ ಮೇಷ್ಟ್ರೇ ಇಲ್ದಂಗಾದ್ರೆ ಗ್ರೂಪಲ್ಲಿ ಇವತ್ತು ಕೂಗಾಡ್ತಿರೋರೇ ನಾಳೆ ನಿಮ್ಮನ್ನ ಬೈತಾರೆ. ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸ್ಕೊಳ್ಳಿ, "ಸೀಲೇನೂ ಬೇಡಮ್ಮ, ನಾನು ನೋಡ್ತೀನಿ" ಅಂತಾರೆ, ನಾನೂ ಎಷ್ಟೋ ಸಲ ಹಂಗೇ ಅಂದಿದೀನಿ, ಆದ್ರೂ ಹಾಕಿಸ್ಕೊಳ್ಳಿ. ಮತ್ತೆ ಯಾವಾಗ ಬರ್ಲಿ ಅಂತ ಒಂದು ದಿನ ಕೇಳಿ ಎದ್ದು ಬನ್ನಿ.

ಎಚ್ಚೆಮ್ ಏನೂ ಮಾಡ್ಲಿಲ್ಲ ಅಂದ್ರೆ ಆಡಳಿತ ಮಂಡಳಿ ಕಾರ್ಯದರ್ಶಿ ಇದಾರೆ, ಅಲ್ಲೂ ಆಗ್ಲಿಲ್ಲ ಅಂದ್ರೆ ಬಿಇಓ, ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು). ಆಗ ನಿಮ್ಮ ಕೈಲಿ ಸೀಲು ಬಿದ್ದ ಕಾಗದ ಇರುತ್ತೆ, ಅದರ ತೂಕವೇ ಬೇರೆ. ಕಾನೂನು ಯಾರಾದ್ರೂ ಕೇಳಿದ್ರೆ, ಆರ್‌ಟಿಇ 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ ಮಾನಸಿಕ ಕಿರುಕುಳನೂ ನಿಷೇಧ ಮಾಡಿದೆ. ಆ ಕಾಯ್ದೆ 6ರಿಂದ 14 ವರ್ಷದೋರಿಗೆ, ನಿಮ್ಮ ಮಗಳು ಹತ್ತನೇ ಕ್ಲಾಸು ಅಂದ್ರೆ 15 ಇರಬಹುದು, ಅದನ್ನೇ ಹಿಡ್ಕೊಂಡು ವಾದ ಮಾಡೋ ಬುದ್ಧಿವಂತರೂ ಇರ್ತಾರೆ, ಅವರಿಗೆ 2015ರ ಬಾಲನ್ಯಾಯ ಕಾಯ್ದೇಲಿ 18 ತುಂಬೋವರೆಗೂ ಮಗುನೇ, ಮಗೂಗೆ ಕ್ರೌರ್ಯ ಮಾಡಿದ್ರೆ 75ನೇ ಸೆಕ್ಷನ್ ಇದೆ ಅಂತ ನೆನಪಿಸಿ. ನಿಮ್ಮ ವಿಷಯ ಅಲ್ಲೀವರೆಗೂ ಹೋಗಲ್ಲ ಅಂತ ನನ್ನ ಅಂದಾಜು. ಬೆಂಗಳೂರಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗನೂ ಇದೆ, ಇಲ್ಲೆಲ್ಲೂ ಕೇಳೋರಿಲ್ಲ ಅನ್ನಿಸಿದ್ರೆ ಅಲ್ಲಿಗೆ ಅದೇ ಅರ್ಧ ಪುಟ ಕಳಿಸಬಹುದು.

ಒಂದು ಮಾತ್ರ ನೆನಪಿಟ್ಕೊಳ್ಳಿ, ಇದು ನಿಮಗಲ್ಲ, ಓದ್ತಿರೋ ಬೇರೆ ಅಮ್ಮಂದಿರಿಗೆ. ಯಾವುದೇ ಮೇಷ್ಟ್ರು ಮೈ ಮುಟ್ಟಿದ್ರೂ, ರಾತ್ರಿ ಹೊತ್ತು ಮಗೂಗೆ ಬೇಡದ ಮೆಸೇಜ್ ಹಾಕಿದ್ರೂ ಈ ಅರ್ಧ ಪುಟ, ಎಚ್ಚೆಮ್ಮು, ಬಿಇಓ ಅನ್ನೋ ಮೆಟ್ಟಿಲೆಲ್ಲ ಬೇಡ, ಸೀದಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಇಲ್ಲಾ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ ಪ್ರಕಾರ ಅಂಥದ್ದು ಗೊತ್ತಾಗಿಯೂ ಮುಚ್ಚಿಟ್ಟ ಎಚ್ಚೆಮ್ ಮೇಲೂ ಕೇಸ್ ಆಗುತ್ತೆ. ಶಾಲೆ ಮರ್ಯಾದೆ ಅಂತ ಯಾರಾದ್ರೂ ಕೂರಿಸಿ ಮಾತಾಡೋಕೆ ಬಂದ್ರೆ ಕೂತ್ಕೋಬೇಡಿ.

ಇನ್ನು ಮೇಷ್ಟ್ರ ಬಗ್ಗೆ. ಅವರನ್ನ ನಾನು ನೋಡಿಲ್ಲ, ಆದ್ರೆ ಅಂಥೋರ ಜೊತೆ ಕೆಲಸ ಮಾಡಿದೀನಿ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮೇಷ್ಟ್ರಿಗೆ ಎಂಟು ಒಂಬತ್ತು ಹತ್ತು ಮೂರೂ ಕ್ಲಾಸು, ಮ್ಯಾಥ್ಸ್ ಜೊತೆ ಸೈನ್ಸು, ಮಧ್ಯೆ ಸಮೀಕ್ಷೆ ಡ್ಯೂಟಿ, ಎಲೆಕ್ಷನ್ ಡ್ಯೂಟಿ, ಬೆಳಗ್ಗೆ ಸಂಜೆ ವಿಶೇಷ ತರಗತಿ, ಮೇಲಿಂದ ರಿಸಲ್ಟ್ ಎಷ್ಟು ಪರ್ಸೆಂಟ್ ಅಂತ ಕೇಳಿ ಕೇಳಿ ಮೀಟಿಂಗಲ್ಲಿ ಎಲ್ರ ಮುಂದೆ ಎದ್ದು ನಿಲ್ಸಿ ಬೈತಾರೆ, ಅಲ್ಲಿ ಬೈಸ್ಕೊಂಡಿದ್ದನ್ನ ಇಲ್ಲಿ ಬಂದು ಮಕ್ಕಳ ಮೇಲೆ ಇಳಿಸ್ತಾರೆ. ಇದು ಕ್ಷಮಿಸಿಬಿಡಿ ಅಂತ ಹೇಳೋಕಲ್ಲ, ಎಚ್ಚೆಮ್ ರೂಮಲ್ಲಿ ಅವರು ಎದುರಾದ್ರೆ ಹೆಂಗೆ ಮಾತಾಡ್ಬೇಕು ಅಂತ ಗೊತ್ತಾಗ್ಲಿ ಅಂತ. "ನನ್ನ ಮಗಳಿಗೆ ಬೈರಿ ಸರ್, ಓದ್ಲಿಲ್ಲ ಅಂತ ಬೈರಿ, ನನ್ನ ಕೆಲಸ ಎತ್ತಿ ಬೈಬೇಡಿ" ಅಂತ ನೀವು ಒಂದು ಸಲ ಮೆಲ್ಲಗೆ ಹೇಳಿದ್ರೆ ಆ ಮನುಷ್ಯನಿಗೆ ಬಿಇಓ ನೋಟಿಸಿಗಿಂತ ಜಾಸ್ತಿ ತಾಕುತ್ತೆ, ತಾಕಲಿಲ್ಲ ಅಂದ್ರೆ ಕಾಗದ ಇದ್ದೇ ಇದೆ.

ಯಜಮಾನ್ರನ್ನ ಬಿಟ್ಟು ಹೋಗ್ಬೇಡಿ, ಬಿಟ್ಟು ಹೋದ್ರೆ ಆಮೇಲೆ ಒಬ್ರೇ ಹೋಗಿ ಗಲಾಟೆ ಮಾಡಿ ಬರ್ತಾರೆ, ಆಗ ದೂರು ಮೇಷ್ಟ್ರ ಮೇಲಿಂದ ತಿರುಗಿ ನಿಮ್ಮ ಮನೆ ಮೇಲೆ ಬರುತ್ತೆ. ಕರ್ಕೊಂಡ್ಹೋಗಿ ಪಕ್ಕದ ಕುರ್ಚೀಲಿ ಕೂರಿಸ್ಕೊಳ್ಳಿ, ಸೀಲ್ ಹಾಕಿಸೋ ಕೆಲಸ ಅವರಿಗೆ ಕೊಡಿ, ಮಾತು ನೀವಾಡಿ. ಸ್ಕೂಲ್ ಗೇಟ್ ಒಳಗೆ ಗೂಡ್ಸ್ ಆಟೋ ತರೋದು ಬೇಡ, ಮಗಳು ಕಿಟಕಿಯಿಂದ ಅದನ್ನ ನೋಡಿದ್ರೆ ಅವತ್ತೇ ಮತ್ತೆ ಹೊಟ್ಟೆನೋವು ಶುರು ಆಗುತ್ತೆ. ಮಕ್ಕಳು ಕ್ಲಾಸಲ್ಲಿ ಇರೋ ಹೊತ್ತಲ್ಲಿ, ಪ್ರೇಯರ್ ಮುಗಿದು ಅರ್ಧ ಗಂಟೆ ಬಿಟ್ಟು, ನಡ್ಕೊಂಡೇ ಹೋಗಿ.