ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಂದ ನಮ್ಮ ದೇಶದ ಆರೋಗ್ಯ ಕೆಲಸದಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದಾ, ಅಥವಾ ಬರೀ ಕಾಗದದ ಮೇಲಾ?

ಬದಲಾಗುತ್ತದೆ. ನಾನು ಡಾಕ್ಟರಲ್ಲ, ಮಂಗಳೂರಿನಲ್ಲಿ ಕಟ್ಟಡದ ಸೈಟ್ ಸೂಪರ್‌ವೈಸರ್. ಹೆಂಡತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಾಗಾಗಿ ನನಗೆ ಸರಿಯಾಗಿ ಗೊತ್ತಿರುವುದು ಮಲೇರಿಯಾದ ಕಥೆ ಒಂದೇ. ಅದನ್ನೇ ಹೇಳುತ್ತೇನೆ.

ಸ್ಲ್ಯಾಬ್ ಹಾಕಿದ ಮರುದಿನ ಅದರ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ. ಕ್ಯೂರಿಂಗ್ ಅಂತ. ಒಂದೆರಡು ವಾರ ಒದ್ದೆ ಇರದಿದ್ದರೆ ಕಾಂಕ್ರೀಟಿಗೆ ಗಟ್ಟಿ ಬರುವುದಿಲ್ಲ. ನಮ್ಮೂರಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಸೊಳ್ಳೆಗೆ ಬೇಕಾದದ್ದೂ ಇಂಥದ್ದೇ ತಿಳಿ ನೀರು. ಮೊಟ್ಟೆ ಇಟ್ಟು ಮರಿ ಹಾರಿಹೋಗಲು ಹತ್ತು ದಿನ ಸಾಕು. 1990ರ ನಂತರ ಇಲ್ಲಿ ಫ್ಲ್ಯಾಟ್‌ಗಳು ಎದ್ದ ಹಾಗೆಲ್ಲ ಜ್ವರವೂ ಎದ್ದಿತು. ಇಡೀ ರಾಜ್ಯದ ಮಲೇರಿಯಾದಲ್ಲಿ ದೊಡ್ಡ ಪಾಲು ಎಷ್ಟೋ ವರ್ಷ ನಮ್ಮದೇ.

ಆಗೆಲ್ಲ ಸೈಟಿಗೆ ಬರುವ ಮಲೇರಿಯಾದವರು ರಕ್ತ ತೆಗೆದು, ಮಾತ್ರೆ ಕೊಟ್ಟು, ಔಷಧಿ ಹೊಡೆದು ಹೋಗುತ್ತಿದ್ದರು. ತಿಂಗಳ ಕೊನೆಗೆ ಎಷ್ಟು ಸ್ಲೈಡ್, ಎಷ್ಟು ಪಾಸಿಟಿವ್ ಎಂಬ ಲೆಕ್ಕ ಮೇಲಕ್ಕೆ. ಹೋದ ವರ್ಷಕ್ಕಿಂತ ಕಡಿಮೆ ಇದ್ದರೆ ಎಲ್ಲರಿಗೂ ನೆಮ್ಮದಿ. 2015ರವರೆಗೆ ಇದ್ದ ವಿಶ್ವಸಂಸ್ಥೆಯ ಹಳೆಯ ಸಹಸ್ರಮಾನದ ಗುರಿಗಳು ಕೇಳಿದ್ದೂ ಅಷ್ಟೇ: ಏರುವುದನ್ನು ನಿಲ್ಲಿಸಿ, ಇಳಿಸಲು ಶುರು ಮಾಡಿ.

2015ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮೂರನೆಯದು ಆರೋಗ್ಯದ್ದು. ಅದರ 3.3ನೇ ಅಂಶದಲ್ಲಿ ಏಡ್ಸ್, ಕ್ಷಯ, ಮಲೇರಿಯಾಗಳ ಹಾವಳಿಯನ್ನು 2030ರೊಳಗೆ ಮುಗಿಸಬೇಕು ಎಂದಿದೆ. 'ಇಳಿಸಿ' ಹೋಗಿ 'ಮುಗಿಸಿ' ಬಂತು. ಮರುವರ್ಷವೇ ಕೇಂದ್ರ ಸರ್ಕಾರ ಮಲೇರಿಯಾ ನಿರ್ಮೂಲನೆಗೆ 2016ರಿಂದ 2030ರವರೆಗಿನ ಯೋಜನೆ ತಂದಿತು. 2027ಕ್ಕೆ ಇಲ್ಲೇ ಹುಟ್ಟಿದ ಕೇಸು ಸೊನ್ನೆ ಆಗಬೇಕು. ಸತತ ಮೂರು ವರ್ಷ ಸೊನ್ನೆಯೇ ಉಳಿದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ. ಶ್ರೀಲಂಕಾಕ್ಕೆ 2016ರಲ್ಲೇ ಸಿಕ್ಕಿಯಾಗಿದೆ.

'ಇಲ್ಲೇ ಹುಟ್ಟಿದ' ಎಂಬ ಎರಡು ಪದ ಇದೆಯಲ್ಲ, ನಮ್ಮ ಸೈಟಿಗೆ ಬಿಸಿ ತಟ್ಟಿದ್ದು ಅದರಿಂದ. ಸೊನ್ನೆ ಬೇಕು ಅಂದಮೇಲೆ ಒಂದೊಂದು ಕೇಸಿನ ಮೂಲವೂ ಬೇಕು. ಒಡಿಶಾದಿಂದ ಬಂದ ಹುಡುಗ ಜ್ವರವನ್ನು ಊರಿಂದಲೇ ತಂದನೋ, ನನ್ನ ಸ್ಲ್ಯಾಬಿನ ಸೊಳ್ಳೆ ಕೊಟ್ಟಿತೋ? ಬಂದು ಎಷ್ಟು ದಿನ ಆಯ್ತು, ರಾತ್ರಿ ಮಲಗುವುದು ಎಲ್ಲಿ, ಜೊತೆಗಿದ್ದವರು ಯಾರು? "ಪೊಲೀಸರೂ ಇಷ್ಟು ಕೇಳುವುದಿಲ್ಲ ಮಾರಾಯ್ರೆ" ಎಂದು ಮೇಸ್ತ್ರಿ ಗೊಣಗುತ್ತಿದ್ದ. 2015ರ ಹೊತ್ತಿಗೆ ಇಲ್ಲಿನ ಮಲೇರಿಯಾ ಕೆಲಸಗಾರರ ಕೈಗೆ ಟ್ಯಾಬ್ ಬಂದಿತ್ತು. ಮನೆ, ಸೈಟು, ಕೇಸು ಎಲ್ಲ ಅದರಲ್ಲೇ. ಆ ಟ್ಯಾಬ್ ವಿಶ್ವಸಂಸ್ಥೆಯ ಗುರಿಯಿಂದ ಬಂತು ಎಂದರೆ ಸುಳ್ಳಾಗುತ್ತದೆ, ಊರೇ ಜ್ವರದಲ್ಲಿ ಬೆಂದು ಬಂದದ್ದು ಅದು. ಆದರೆ ದಿಲ್ಲಿ ಹೊಸದಾಗಿ ಕೇಳತೊಡಗಿದ ಲೆಕ್ಕ ಕೊಡಲು ಅಂಥ ವ್ಯವಸ್ಥೆ ಬೇಕೇ ಬೇಕಿತ್ತು.

ನನಗೂ ಬಂದಿತ್ತು, ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. ಐದನೇ ದಿನ ಜ್ವರ ಬಿಟ್ಟಿತು, ನಾನು ಮಾತ್ರೆ ಬಿಟ್ಟೆ. ಎರಡು ತಿಂಗಳು ಕಳೆದು, ಆಟಿಯ ಮಳೆಯಲ್ಲಿ, ಮತ್ತೆ ಅದೇ ನಡುಕ. ಲಿವರಿನಲ್ಲಿ ಅಡಗಿ ಕೂತಿದ್ದ ರೋಗಾಣು ಎದ್ದು ಬಂದಿತ್ತು. ಲ್ಯಾಬ್ ಟೆಕ್ನಿಷಿಯನ್ ಗಂಡ ಹೀಗೆ ಮಾಡಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಎರಡನೇ ಸಲ ವಾರ್ಡಿನ ಮಲೇರಿಯಾ ಕೆಲಸದ ಹುಡುಗ 14ನೇ ದಿನದ ಮಾತ್ರೆ ನುಂಗುವವರೆಗೆ ನನ್ನ ಬೆನ್ನು ಬಿಡಲಿಲ್ಲ.

ದೇಶದ ಲೆಕ್ಕ ನೋಡಿದರೆ 2015ರಲ್ಲಿ ಸುಮಾರು 11.7 ಲಕ್ಷ ಮಲೇರಿಯಾ ಕೇಸು, 2023ರಲ್ಲಿ 2.27 ಲಕ್ಷ.

ಆರೋಗ್ಯ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಗುರಿ ಮುಟ್ಟದಿದ್ದರೆ ವಿಶ್ವಸಂಸ್ಥೆ ದಂಡ ಹಾಕುವುದೂ ಇಲ್ಲ. ಮತ್ತೆ ಒತ್ತಡ ಎಲ್ಲಿಂದ? 2018ರಿಂದ ನೀತಿ ಆಯೋಗ ಈ ಗುರಿಗಳ ಮೇಲೆ ರಾಜ್ಯಗಳಿಗೆ ಅಂಕ ಕೊಡುತ್ತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಉಡುಪಿಯವರೂ ನಾವೂ ಒಬ್ಬರ ಪಟ್ಟಿ ಒಬ್ಬರು ಇಣುಕುವುದಿಲ್ಲವೇ, ಹಾಗೆ.

ಅಂಕದ ಆಟಕ್ಕೆ ಅದರದ್ದೇ ರೋಗವೂ ಇದೆ. ಕ್ಷಯಕ್ಕೆ ಜಗತ್ತಿನ ಗಡುವು 2030 ಇದ್ದರೆ ನಾವು 2025 ಎಂದು ಘೋಷಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ಕ್ಷಯ ರೋಗಿಗಳು 2024ರಲ್ಲಿ 187. ಇಳಿದದ್ದು ಹೌದು, ಮುಗಿದದ್ದಲ್ಲ. ಆದರೂ ಆ ಗಡುವಿನ ಗಡಿಬಿಡಿಯಲ್ಲೇ 2018ರಿಂದ ರೋಗಿಯ ಖಾತೆಗೆ ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಬರತೊಡಗಿತು, ಈಗ 1000. ನನ್ನ ಕೇಳಿದರೆ ತಪ್ಪಿದ ಗಡುವಿಗಿಂತ ಈ ದುಡ್ಡೇ ದೊಡ್ಡ ಸುದ್ದಿ.

ನನಗೆ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಮಲೇರಿಯಾ ನಿರ್ಮೂಲನೆ ಎಂದು ನಾವು ಹೊರಟದ್ದು ಇದೇ ಮೊದಲಲ್ಲ. 1958ರಲ್ಲೂ ಹೊರಟಿದ್ದೆವು. ಅರವತ್ತರ ದಶಕದಲ್ಲಿ ದೇಶದ ಲೆಕ್ಕ ಲಕ್ಷದ ಆಸುಪಾಸಿಗೆ ಇಳಿಯಿತು, ಕಾವಲು ಸಡಿಲವಾಯಿತು, 1976ರಲ್ಲಿ 64 ಲಕ್ಷ ದಾಟಿತು. ನಮ್ಮ ಸೈಟಿಗೆ ವಾರಕ್ಕೊಮ್ಮೆ ಬರುತ್ತಿದ್ದ ಮಲೇರಿಯಾದವರು ಈಗ ಅಪರೂಪ. ಕೇಸೇ ಇಲ್ಲವಲ್ಲ, ಯಾಕೆ ಬರಬೇಕು ಅಂತ ಇರಬಹುದು. ನಾನಂತೂ ಸೋಮವಾರ ಬಂತೆಂದರೆ ಸ್ಲ್ಯಾಬಿನ ನೀರು ಪೂರ್ತಿ ಹೊರಹಾಕಿಸಿ, ಒಣಗಲು ಬಿಡದೆ ಹೊಸ ನೀರು ತುಂಬಿಸುತ್ತೇನೆ. ಲಿಫ್ಟ್ ಗುಂಡಿಗೂ ಇಣುಕುತ್ತೇನೆ. ಮೇಸ್ತ್ರಿ ಇವತ್ತಿಗೂ ಗೊಣಗುತ್ತಾನೆ.